ಉದ್ದ ಬೆನ್ನು, ಗಿಡ್ಡ ಕಾಲು: ಸಾಕಿದ ಜೀವಕ್ಕೆ ನಮ್ಮ ಹೊಣೆ ಎಷ್ಟು?



“ಫಾದರ್, ಊರಲ್ಲಿ ಹಸಿದವರು ಇರುವಾಗ ನಾಯಿಗಾಗಿ ಸಾವಿರಾರು ರೂಪಾಯಿ ಖರ್ಚು ಮಾಡುವುದು ಸರಿಯೇ?” ಕಿರು ಕ್ರೈಸ್ತ ಸಮುದಾಯದ ಸಭೆಗಳಲ್ಲಿ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಅದೇ ಸಭೆ ಮುಗಿದ ಮೇಲೆ ಇನ್ನೊಬ್ಬರು ಹತ್ತಿರ ಬಂದು ಮೆಲ್ಲಗೆ ಕೇಳುವುದೂ ಉಂಟು: “ಸಾಕಲಾಗದೆ ನಾಯಿಯನ್ನು ದೂರ ಬಿಟ್ಟು ಬಂದೆವು. ಅದು ತಪ್ಪಾಯಿತೇ?”

ಎರಡೂ ಪ್ರಾಮಾಣಿಕವಾದ ಪ್ರಶ್ನೆಗಳೇ. ಮೊದಲನೆಯದು ಪ್ರಾಣಿಪ್ರೀತಿಗೆ ಮಿತಿ ಎಲ್ಲಿ ಎಂದು ಕೇಳುತ್ತದೆ. ಎರಡನೆಯದು ನಮ್ಮ ಹೊಣೆ ಎಷ್ಟು ಎಂದು ಕೇಳುತ್ತದೆ. ಇವೆರಡಕ್ಕೂ ಉತ್ತರ ಹುಡುಕಲು ಈ ವಾರ ಒಂದೇ ಒಂದು ತಳಿಯ ನಾಯಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ‘ಪ್ರಾಣಿದಯೆ’ ಎಂದು ಒಟ್ಟಾರೆ ಮಾತನಾಡುವುದು ಸುಲಭ. ಒಂದು ಜೀವ ನೋವಿನಿಂದ ಮನೆಯ ಮೂಲೆಯಲ್ಲಿ ಮಲಗಿರುವಾಗ ಆ ಮಾತಿಗೆ ಬೆಲೆ ಬರುತ್ತದೆ. ನಾನು ಆರಿಸಿಕೊಂಡದ್ದು ಡ್ಯಾಶ್‌ಹಂಡ್. ಉದ್ದ ಬೆನ್ನು, ಗಿಡ್ಡ ಕಾಲು, ಜೋಲು ಕಿವಿ. ನಮ್ಮ ನಗರಗಳಲ್ಲಿ ಮಕ್ಕಳು ‘ಸಾಸೇಜ್ ನಾಯಿ’ ಎಂದು ಕರೆಯುವುದು ಇದನ್ನೇ.

ಇದು ಎಲ್ಲಿಯ ನಾಯಿ?

ಡ್ಯಾಶ್‌ಹಂಡ್ ಜರ್ಮನಿಯದು. ಜರ್ಮನ್ ಭಾಷೆಯಲ್ಲಿ ‘ಡಾಕ್ಸ್’ ಎಂದರೆ ಬ್ಯಾಜರ್ ಎಂಬ ಪ್ರಾಣಿ, ‘ಹುಂಡ್’ ಎಂದರೆ ನಾಯಿ. ಬ್ಯಾಜರ್ ನೆಲದೊಳಗೆ ಬಿಲ ತೋಡಿ ಬದುಕುವಂಥದ್ದು, ನಮ್ಮ ತರಕರಡಿಗೆ ದೂರದ ಸಂಬಂಧಿ. ಅದರ ಬಿಲದೊಳಗೆ ನುಗ್ಗಿ, ಕತ್ತಲಲ್ಲಿ ಒಂಟಿಯಾಗಿ ಅದನ್ನು ಎದುರಿಸಿ, ಮೇಲಿರುವ ಬೇಟೆಗಾರನಿಗೆ ಕೇಳುವಂತೆ ಬೊಗಳುವುದು ಈ ನಾಯಿಯ ಕೆಲಸವಾಗಿತ್ತು. ಆ ಕೆಲಸಕ್ಕೆಂದೇ ಜನರು ತಲೆಮಾರುಗಳ ಕಾಲ ಆರಿಸಿ ಆರಿಸಿ ಇದರ ಮೈಯನ್ನು ರೂಪಿಸಿದರು. ಬಿಲಕ್ಕೆ ಹೊಂದುವ ಗಿಡ್ಡ ಕಾಲು, ಮಣ್ಣು ತೋಡಲು ಬಲವಾದ ಮುಂಗಾಲು, ಆಳವಾದ ಎದೆ, ಮೈಗೆ ಮೀರಿದ ದನಿ, ಯಾರ ಅಪ್ಪಣೆಗೂ ಕಾಯದೆ ತಾನೇ ತೀರ್ಮಾನಿಸುವ ಹಟ, ಎಲ್ಲವೂ ಹೀಗೆ ಬಂದವು.

ಇದರಲ್ಲಿ ಮೂರು ಬಗೆಯ ರೋಮದವು ಇವೆ: ನುಣುಪು ರೋಮ, ಉದ್ದ ರೋಮ, ಒರಟು ರೋಮ. ಗಾತ್ರದಲ್ಲೂ ಬೇರೆ ಬೇರೆ. ಜರ್ಮನಿಯಲ್ಲಿ ಗಾತ್ರವನ್ನು ತೂಕದಿಂದಲ್ಲ, ಎದೆಯ ಸುತ್ತಳತೆಯಿಂದ ಗುರುತಿಸುತ್ತಾರೆ. ಮೊಲದ ಬಿಲಕ್ಕೂ ನುಗ್ಗುವಷ್ಟು ಚಿಕ್ಕ ಬಗೆಯೂ ಅಲ್ಲಿದೆ. ಈ ತಳಿಗಾಗಿಯೇ 1888ರಲ್ಲಿ ಜರ್ಮನಿಯಲ್ಲಿ ಒಂದು ಸಂಘ ಸ್ಥಾಪನೆಯಾಯಿತು. ಇಂಗ್ಲೆಂಡಿನ ರಾಣಿ ವಿಕ್ಟೋರಿಯಾ ಇವನ್ನು ಸಾಕಿದ್ದರಿಂದ ಅಲ್ಲಿಯ ಮನೆಗಳಲ್ಲೂ ಇವು ಹರಡಿದವು.

ಮನುಷ್ಯನ ಪ್ರೀತಿ ಎಷ್ಟು ಬೇಗ ತಿರುಗಬಲ್ಲದು ಎಂಬುದನ್ನೂ ಈ ನಾಯಿಯ ಚರಿತ್ರೆಯಲ್ಲೇ ಕಾಣಬಹುದು. 1914ರಲ್ಲಿ ಮೊದಲ ಮಹಾಯುದ್ಧ ಆರಂಭವಾದಾಗ ಬ್ರಿಟನ್ನಿನಲ್ಲಿ, ನಂತರ ಅಮೆರಿಕದಲ್ಲಿ, ಜರ್ಮನಿಯ ಮೇಲಿನ ಕೋಪ ಈ ನಾಯಿಗಳ ಮೇಲೆ ತಿರುಗಿತು. ಬೀದಿಯಲ್ಲಿ ಕಲ್ಲು ಹೊಡೆದರು. ಸಾಕಿದವರು ನಾಯಿಯನ್ನು ಹೊರಗೆ ಕರೆದೊಯ್ಯಲು ಅಂಜಿದರು. ಯುದ್ಧದ ಗಡಿ ಯಾವುದು, ಚಕ್ರವರ್ತಿ ಯಾರು ಎಂಬುದೇನೂ ತಿಳಿಯದ ಪ್ರಾಣಿಗೆ ಶತ್ರುವೆಂಬ ಹಣೆಪಟ್ಟಿ ಬಿತ್ತು. ಮುಂದೆ 1972ರ ಮ್ಯೂನಿಕ್ ಒಲಿಂಪಿಕ್ಸ್‌ಗೆ ಬಣ್ಣದ ಪಟ್ಟೆಗಳ ‘ವಾಲ್ಡಿ’ ಎಂಬ ಡ್ಯಾಶ್‌ಹಂಡ್ ಗೊಂಬೆಯನ್ನೇ ಗುರುತಾಗಿ ಆರಿಸಿದರು. ಬೇಸಿಗೆ ಒಲಿಂಪಿಕ್ಸ್‌ನ ಮೊದಲ ಅಧಿಕೃತ ಮ್ಯಾಸ್ಕಾಟ್ ಅದೇ. ಜನ ಕಲ್ಲು ಹೊಡೆದಾಗಲೂ ಮುದ್ದಾಡಿದಾಗಲೂ ನಾಯಿ ಇದ್ದ ಹಾಗೆಯೇ ಇತ್ತು.

ನಾವೇ ಮಾಡಿದ ಬೆನ್ನು

ಇನ್ನು ಈ ಪಾಠದ ಮುಖ್ಯ ಭಾಗಕ್ಕೆ ಬರೋಣ. ಡ್ಯಾಶ್‌ಹಂಡ್‌ನ ಗಿಡ್ಡ ಕಾಲಿಗೆ ಕಾರಣ ಅದರ ವಂಶವಾಹಿಯಲ್ಲಿ ಸೇರಿಕೊಂಡ ಒಂದು ಹೆಚ್ಚುವರಿ ಪ್ರತಿ ಎಂದು ವಿಜ್ಞಾನಿಗಳು 2009ರಲ್ಲಿ ತೋರಿಸಿದರು. ಅದೇ ಬಗೆಯ ಇನ್ನೊಂದು ಪ್ರತಿ ಬೆನ್ನಿನ ಕಾಯಿಲೆಗೆ ಕಾರಣವಾಗುತ್ತದೆ ಎಂದು 2017ರಲ್ಲಿ ತಿಳಿದುಬಂತು.

ಬೆನ್ನೆಲುಬಿನ ಮಣಿಗಳ ನಡುವೆ ಮೆತ್ತೆಯಂಥ ಡಿಸ್ಕ್‌ಗಳಿರುತ್ತವೆ. ಅವುಗಳ ಒಳಗೆ ಮೆದುವಾದ ತಿರುಳು, ಸುತ್ತ ಗಟ್ಟಿ ನಾರಿನ ಬಳೆ. ನಡೆಯುವಾಗ, ಹಾರುವಾಗ ಬೀಳುವ ಪೆಟ್ಟನ್ನು ಈ ಮೆತ್ತೆ ಹೀರಿಕೊಳ್ಳುತ್ತದೆ. ಬಹುಪಾಲು ನಾಯಿಗಳಲ್ಲಿ ಮುಪ್ಪಿನಲ್ಲಿ ಒಣಗುವ ಆ ತಿರುಳು ಡ್ಯಾಶ್‌ಹಂಡ್‌ಗಳಲ್ಲಿ ಚಿಕ್ಕ ವಯಸ್ಸಿನಲ್ಲೇ ಒಣಗಿ ಗಟ್ಟಿಯಾಗುತ್ತದೆ. ಒಂದು ದಿನ ಸೋಫಾದಿಂದ ಹಾರಿದಾಗ, ಇಲ್ಲವೇ ಯಾವ ಕಾರಣವೂ ಇಲ್ಲದೆ, ಅದು ಬಳೆಯನ್ನು ಸೀಳಿಕೊಂಡು ಮೇಲಕ್ಕೆ ಬಂದು ಮಿದುಳುಬಳ್ಳಿಯನ್ನು ಒತ್ತುತ್ತದೆ. ಆಗ ಹಿಂಗಾಲುಗಳ ಬಲ ಹೋಗುತ್ತದೆ. ಈ ತಳಿಯಲ್ಲಿ ಸುಮಾರು ನಾಲ್ಕೈದು ನಾಯಿಗಳಲ್ಲಿ ಒಂದಕ್ಕೆ ಜೀವಮಾನದಲ್ಲಿ ಒಮ್ಮೆಯಾದರೂ ಈ ತೊಂದರೆ ಬರುತ್ತದೆ. ಹೆಚ್ಚಾಗಿ ಬರುವುದು ಮೂರರಿಂದ ಏಳು ವರ್ಷದ ನಡುವೆ, ಅಂದರೆ ಅದರ ತುಂಬು ಪ್ರಾಯದಲ್ಲಿ.

ಚಿತ್ರಕಾರ ಪಿಕಾಸೊ ಮನೆಯಲ್ಲಿ 1957ರಿಂದ ಕೆಲವು ವರ್ಷ ‘ಲುಂಪ್’ ಎಂಬ ಡ್ಯಾಶ್‌ಹಂಡ್ ಇತ್ತು. ಅದು ಡೇವಿಡ್ ಡಗ್ಲಸ್ ಡಂಕನ್ ಎಂಬ ಛಾಯಾಗ್ರಾಹಕನ ನಾಯಿ. ಒಡೆಯನ ಜೊತೆ ನೋಡಲು ಹೋದದ್ದು ಅಲ್ಲಿಯೇ ಉಳಿದುಬಿಟ್ಟಿತು. ಪಿಕಾಸೊ ಅದನ್ನು ತನ್ನ ಹಲವು ಚಿತ್ರಗಳಲ್ಲಿ ಬರೆದ. ಅಂಥ ಮನೆಯ ನಾಯಿಗೂ ಬೆನ್ನಿನ ಕಾಯಿಲೆ ತಪ್ಪಲಿಲ್ಲ. ಡಂಕನ್ ಅದನ್ನು ಜರ್ಮನಿಗೆ ಕರೆದೊಯ್ದು ಚಿಕಿತ್ಸೆ ಕೊಡಿಸಿದ ಮೇಲೆ ಅದು ಮತ್ತೆ ನಡೆದು, 1973ರವರೆಗೆ ಬದುಕಿತು. ಚಿತ್ರ ಬರೆದು ಹೆಸರು ಕೊಟ್ಟವನು ಒಬ್ಬ. ಕಾಲು ಬಿದ್ದಾಗ ಎತ್ತಿಕೊಂಡು ಓಡಾಡಿದವನು ಇನ್ನೊಬ್ಬ. ಈ ವ್ಯತ್ಯಾಸವನ್ನು ನೀವು ನೆನಪಿನಲ್ಲಿ ಇಟ್ಟುಕೊಳ್ಳಬೇಕು.

ಇಲ್ಲಿ ಒಂದು ನೀತಿಪಾಠವಿದೆ. ಈ ಬೆನ್ನು ಮನುಷ್ಯ ತನ್ನ ಬೇಟೆಯ ಅನುಕೂಲಕ್ಕೆ, ಆಮೇಲೆ ತನ್ನ ಕಣ್ಣಿನ ಸಂತೋಷಕ್ಕೆ, ಆರಿಸಿ ಉಳಿಸಿಕೊಂಡ ಬೆನ್ನು. ಅದರ ಚೆಲುವನ್ನು ನಾವು ಅನುಭವಿಸುತ್ತೇವೆ, ಅದರ ನೋವನ್ನು ನಾಯಿ ಅನುಭವಿಸುತ್ತದೆ. ಹೀಗಿರುವಾಗ ನೋವು ಬಂದ ದಿನ “ಇದು ನಮಗೆ ಸಂಬಂಧವಿಲ್ಲ” ಎನ್ನುವ ಹಕ್ಕು ನಮಗೆಲ್ಲಿದೆ?

ಏಕೆ ಕೈಬಿಡುತ್ತಾರೆ?

ಚಿಕ್ಕ ಮನೆಗೆ ಚಿಕ್ಕ ನಾಯಿ ಸಾಕು ಎಂದುಕೊಂಡು ಬೆಂಗಳೂರಿನಂಥ ನಗರಗಳಲ್ಲಿ ಬಹಳ ಮಂದಿ ಡ್ಯಾಶ್‌ಹಂಡ್ ಮರಿ ತರುತ್ತಾರೆ. ಮರಿ ಮುದ್ದಾಗಿಯೂ ಇರುತ್ತದೆ. ಆರು ತಿಂಗಳಾದ ಮೇಲೆ ಅದು ಬೇಟೆನಾಯಿಯೆಂದು ಗೊತ್ತಾಗುತ್ತದೆ. ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳವಾದರೆ ಬೊಗಳುತ್ತದೆ. ಹೂಕುಂಡದ ಮಣ್ಣು ತೋಡುತ್ತದೆ. ಕರೆದರೆ ತನಗೆ ಬೇಕಾದಾಗ ಬರುತ್ತದೆ. ಪಕ್ಕದ ಮನೆಯವರು ದೂರು ಕೊಡುತ್ತಾರೆ. ಮನೆಯಲ್ಲಿ ಮಗು ಹುಟ್ಟುತ್ತದೆ, ಕೆಲಸದ ವರ್ಗಾವಣೆ ಬರುತ್ತದೆ, ಬಾಡಿಗೆ ಮನೆಯ ಮಾಲೀಕರು ಬೇಡವೆನ್ನುತ್ತಾರೆ. ಕೊನೆಗೆ ಬೆನ್ನು ಕೈಕೊಡುತ್ತದೆ. ಈ ಯಾವುದೋ ಒಂದು ಹಂತದಲ್ಲಿ ನಾಯಿ ರಸ್ತೆಯ ಬದಿಗೆ ಬರುತ್ತದೆ. ಬೀದಿಯಲ್ಲೇ ಹುಟ್ಟಿ ಬೆಳೆದ ನಾಯಿಗೆ ಅಲ್ಲಿ ಬದುಕುವ ಬಗೆ ಗೊತ್ತಿದೆ. ಸೋಫಾದಲ್ಲಿ ಬೆಳೆದ ಗಿಡ್ಡ ಕಾಲಿನ ನಾಯಿಗೆ ವಾಹನವೂ ಗೊತ್ತಿಲ್ಲ, ಬೇರೆ ನಾಯಿಗಳ ಗಡಿಯೂ ಗೊತ್ತಿಲ್ಲ.

ಇನ್ನೊಂದು ಮೂಲವೂ ಇದೆ. ಮರಿ ಮಾರುವವರಲ್ಲಿ ಕೆಲವರು ಹೆಣ್ಣು ನಾಯಿಯನ್ನು ಬೋನಿನಲ್ಲಿಟ್ಟು, ಬಿಡುವಿಲ್ಲದೆ ಮರಿ ಹಾಕಿಸಿ, ಗರ್ಭ ಸೋತ ಮೇಲೆ ಹೊರಗೆ ತಳ್ಳುತ್ತಾರೆ. ಬಣ್ಣದ ಆಸೆಗೆ ಚುಕ್ಕೆ ಬಣ್ಣದ ಎರಡು ನಾಯಿಗಳನ್ನು ಕೂಡಿಸುವವರೂ ಇದ್ದಾರೆ. ಹಾಗೆ ಹುಟ್ಟುವ ಮರಿಗಳಲ್ಲಿ ಕೆಲವು ಕುರುಡು ಇಲ್ಲವೇ ಕಿವುಡಾಗಿರುತ್ತವೆ.

ಕಾನೂನು ಸುಮ್ಮನಿಲ್ಲ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ, ಹಸಿವಿನಿಂದಲೋ ಬಾಯಾರಿಕೆಯಿಂದಲೋ ನರಳುವ ಸ್ಥಿತಿಯಲ್ಲಿ ಪ್ರಾಣಿಯನ್ನು ಬಿಟ್ಟುಬಿಡುವುದು ಅಪರಾಧ. ಆದರೆ ಮೊದಲ ಸಲದ ತಪ್ಪಿಗೆ ಆ ಕಾಯ್ದೆ ಬರೆದ ದಂಡ 10ರಿಂದ 50 ರೂಪಾಯಿ. 2017ರಲ್ಲಿ ಬಂದ ನಿಯಮಗಳ ಪ್ರಕಾರ ನಾಯಿ ಮರಿ ಮಾಡಿಸಿ ಮಾರುವವರು ರಾಜ್ಯದ ಪ್ರಾಣಿಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು. ಎಂಟು ವಾರ ತುಂಬದ ಮರಿಯನ್ನು ಮಾರಬಾರದು. ಕಾನೂನು ಹೊರಗಿನಿಂದ ಬೇಲಿ ಕಟ್ಟುತ್ತದೆ, ಒಳಗಿನ ಕೆಲಸ ಮನಸ್ಸಾಕ್ಷಿಯದು.

ಒಬ್ಬ ದಾದಿಯ ಹಳೆಯ ನೋಟ್‌ಬುಕ್

ನನ್ನ ಪರಿಚಯದ ಒಬ್ಬ ನಿವೃತ್ತ ದಾದಿ ಇದ್ದಾರೆ. ವಯಸ್ಸು ಎಪ್ಪತ್ತೈದು ದಾಟಿದೆ. ಹುಟ್ಟಿದ್ದು ಕೋಲಾರ ಚಿನ್ನದ ಗಣಿಯ ಕಾರ್ಮಿಕರ ಲೈನ್ ಮನೆಯಲ್ಲಿ. ಅವರ ತಂದೆ ಗಣಿಯ ಆಂಗ್ಲ ಅಧಿಕಾರಿಯೊಬ್ಬರ ಬಂಗಲೆಯಲ್ಲಿ ಮಾಲಿಯಾಗಿದ್ದರು. 1956ರಲ್ಲಿ ಗಣಿಗಳು ಸರ್ಕಾರದ ಕೈಗೆ ಬಂದ ಮೇಲೆ ಆ ಅಧಿಕಾರಿ ಊರಿಗೆ ಹೊರಟರು. ಅವರ ಕೆಂಪು ಬಣ್ಣದ ಡ್ಯಾಶ್‌ಹಂಡ್ ಹೊರಡಲಿಲ್ಲ. ತಂದೆ ಅದನ್ನು ಚೀಲದಲ್ಲಿ ಹಾಕಿಕೊಂಡು ಮನೆಗೆ ತಂದರಂತೆ. ಬಂಗಲೆಯಲ್ಲಿ ಮಾಂಸ ತಿಂದು ಬೆಳೆದ ನಾಯಿ ಎರಡು ದಿನ ಮುದ್ದೆ ಮೂಸಿ ನೋಡಿ ಬಿಟ್ಟಿತು. ಮೂರನೆಯ ದಿನ ತಿಂದಿತು. ಮತ್ತೆ ಎಂಟು ವರ್ಷ ಆ ಒಂದು ಕೋಣೆಯ ಮನೆಯಲ್ಲೇ ಬದುಕಿತು. “ನಾವು ಆರು ಜನ ಮಕ್ಕಳು ಸ್ವಾಮಿ. ನಮಗೇ ಸಾಲದ ಮನೆ. ಆದರೂ ಅಪ್ಪ ಒಂದು ದಿನಾನೂ ಅದನ್ನ ಹೊರೆ ಅನ್ನಲಿಲ್ಲ” ಎಂದು ಆ ತಾಯಿ ಹೇಳುತ್ತಾರೆ.

ಅವರಿಗೆ ಈ ನಾಯಿಯ ಮೇಲಿನ ಪ್ರೀತಿ ಹೀಗೆ ಆರಂಭವಾಯಿತು. ಬೆಂಗಳೂರಿನ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿ, ಮದುವೆಯಾಗಿ, ಮಕ್ಕಳು ದೊಡ್ಡವರಾದ ಮೇಲೆ, ಯಾರಿಗೂ ಬೇಡವಾದ ಡ್ಯಾಶ್‌ಹಂಡ್‌ಗಳನ್ನು ಮನೆಗೆ ತರತೊಡಗಿದರು. ನಲವತ್ತು ವರ್ಷಗಳಲ್ಲಿ ಮೂವತ್ತಕ್ಕೂ ಹೆಚ್ಚು. ಎಲ್ಲವನ್ನೂ ತಾವೇ ಇಟ್ಟುಕೊಂಡದ್ದಲ್ಲ. ಹೆಚ್ಚಿನವನ್ನು ಆರೈಕೆ ಮಾಡಿ, ಒಳ್ಳೆಯ ಮನೆ ನೋಡಿ ಒಪ್ಪಿಸಿದ್ದಾರೆ. ಆಸ್ಪತ್ರೆಯ ಹಳೆಯ ನೋಟ್‌ಬುಕ್ಕಿನಲ್ಲಿ ಪ್ರತಿಯೊಂದರ ಹೆಸರು, ಬಂದ ದಿನ, ಬಂದಾಗಿನ ತೂಕ, ಹಾಕಿಸಿದ ಚುಚ್ಚುಮದ್ದು, ಹೋದ ಮನೆ, ಸತ್ತ ದಿನ ಎಲ್ಲ ಬರೆದಿಟ್ಟಿದ್ದಾರೆ.

ಅವರ ಎರಡು ತೀರ್ಮಾನಗಳನ್ನು ನಿಮ್ಮ ಮುಂದಿಡುತ್ತೇನೆ.

ಮೊದಲನೆಯದು. ಆರು ವರ್ಷದ ಗಂಡು ನಾಯಿಯೊಂದು ಹಿಂಗಾಲು ಎಳೆಯುತ್ತಾ ಅವರ ಮನೆಗೆ ಬಂತು. ಬೆರಳು ಗಟ್ಟಿಯಾಗಿ ಹಿಂಡಿದರೆ ತಿರುಗಿ ನೋಡುತ್ತಿತ್ತು, ಅಂದರೆ ಸ್ಪರ್ಶಜ್ಞಾನ ಉಳಿದಿತ್ತು. ಶಸ್ತ್ರಚಿಕಿತ್ಸೆ ಮಾಡಿಸಿದರೆ ಗುಣವಾಗುವ ಸಾಧ್ಯತೆ ಚೆನ್ನಾಗಿದೆ ಎಂದು ಪಶುವೈದ್ಯರು ಹೇಳಿದರು. ಆದರೆ ಖರ್ಚು ದೊಡ್ಡದು. ಅವರ ಬಳಿ ಅಷ್ಟು ಹಣವಿತ್ತು, ಮೊಮ್ಮಗಳ ಕಾಲೇಜಿನ ಶುಲ್ಕಕ್ಕೆಂದು ಮಾತು ಕೊಟ್ಟು ಇಟ್ಟದ್ದು. “ಅಮ್ಮ, ಅದನ್ನ ಮುಟ್ಟಬೇಡಿ” ಎಂದು ಮಗ ಹೇಳಿದ. ಆ ತಾಯಿ ಎರಡು ರಾತ್ರಿ ನಿದ್ರೆ ಮಾಡಲಿಲ್ಲ. ಮೂರನೆಯ ದಿನ ಬಂದು, “ಸ್ವಾಮಿ, ಆ ದುಡ್ಡು ಮಗುವಿಗೆ ಅಂತ ಕೊಟ್ಟ ಮಾತು. ನಾಯಿಗೆ ನನ್ನ ಕೈ ಇದೆ, ಅದನ್ನ ಕೊಡ್ತೀನಿ” ಎಂದರು. ವೈದ್ಯರು ಕೊಟ್ಟ ಔಷಧಿ, ಮೈ ತಿರುಗಿಸುವಷ್ಟೇ ಜಾಗವಿರುವ ಬೋನಿನಲ್ಲಿ ವಾರಗಟ್ಟಲೆ ಪೂರ್ಣ ವಿಶ್ರಾಂತಿ, ದಿನಕ್ಕೆ ನಾಲ್ಕು ಸಲ ಹೊಟ್ಟೆ ಒತ್ತಿ ಮೂತ್ರ ತೆಗೆಸುವುದು, ಹುಣ್ಣಾಗದಂತೆ ಮಗ್ಗುಲು ಬದಲಾಯಿಸುವುದು. ಜೀವಮಾನವೆಲ್ಲ ರೋಗಿಗಳಿಗೆ ಮಾಡಿದ್ದನ್ನೇ ಅದಕ್ಕೂ ಮಾಡಿದರು. ಏಳನೆಯ ವಾರ ಅದು ಎದ್ದು ನಿಂತಿತು. ಈಗಲೂ ಅದರ ನಡಿಗೆ ಓರೆ, ಅವಸರಪಟ್ಟರೆ ಹಿಂಭಾಗ ಪಕ್ಕಕ್ಕೆ ವಾಲುತ್ತದೆ. ಆದರೆ ನಡೆಯುತ್ತದೆ.

ಎರಡನೆಯದು. ಇನ್ನೊಂದು ನಾಯಿ ಬಂದಾಗ ಕಾಲು ಬಿದ್ದು ಬಹಳ ದಿನವಾಗಿತ್ತು. ಸ್ಪರ್ಶಜ್ಞಾನ ಇರಲಿಲ್ಲ, ಮೈಯಲ್ಲಿ ಕೊಳೆತ ಹುಣ್ಣು, ಮೂತ್ರಪಿಂಡಗಳೂ ಸೋತಿದ್ದವು. ವೈದ್ಯರು ನೋವಿಲ್ಲದ ಸಾವಿನ ಚುಚ್ಚುಮದ್ದಿನ ಮಾತೆತ್ತಿದರು. “ಕಥೋಲಿಕಳಾಗಿ ನಾನು ಇದಕ್ಕೆ ಒಪ್ಪಬಹುದೇ?” ಎಂದು ಆ ತಾಯಿ ಕೇಳಿದರು. ಒಪ್ಪಬಹುದು ಎಂದೆ. ಅವರು ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೊನೆಯವರೆಗೂ ಕುಳಿತಿದ್ದರು. ನೋಟ್‌ಬುಕ್ಕಿನಲ್ಲಿ ಅದಕ್ಕೂ ಒಂದು ಹೆಸರಿದೆ. ಅವರ ಮನೆಯಲ್ಲಿ ಅದು ಬದುಕಿದ್ದು ಮೂರು ದಿನ.

ಧರ್ಮಸಭೆ ಏನು ಕಲಿಸುತ್ತದೆ?

ಈ ಎರಡು ತೀರ್ಮಾನಗಳ ಹಿಂದಿರುವ ತತ್ತ್ವವನ್ನು ಈಗ ನೋಡೋಣ.

ಸಂತ ತೋಮಾಸ್ ಅಕ್ವಿನಾಸರು ಅರಿಸ್ಟಾಟಲನನ್ನು ಅನುಸರಿಸಿ ಜೀವವನ್ನು ಮೂರು ಹಂತಗಳಲ್ಲಿ ವಿವರಿಸುತ್ತಾರೆ. ಗಿಡಮರಗಳಿಗೆ ಬೆಳೆಯುವ ಶಕ್ತಿ ಇದೆ. ಪ್ರಾಣಿಗಳಿಗೆ ಅದರೊಂದಿಗೆ ನೋವು, ಸುಖ, ಭಯ, ನೆನಪು ಇವೆ. ಮನುಷ್ಯನಿಗೆ ಇವೆಲ್ಲದರೊಂದಿಗೆ ವಿವೇಕ ಮತ್ತು ಅಮರವಾದ ಆತ್ಮ ಇದೆ. ಆದ್ದರಿಂದ ನಾಯಿ ಮನುಷ್ಯನಿಗೆ ಸಮಾನವಲ್ಲ. ಆದರೆ ಅದು ಕಲ್ಲೂ ಅಲ್ಲ, ಯಂತ್ರವೂ ಅಲ್ಲ. ಅದರ ನೋವು ನಿಜವಾದ ನೋವು. ಮೋಶೆಯ ಧರ್ಮಶಾಸ್ತ್ರ ಪ್ರಾಣಿಗಳ ಬಗ್ಗೆ ಕರುಣೆ ಕಲಿಸಿದ್ದು, ಮನುಷ್ಯರು ತಮ್ಮತಮ್ಮಲ್ಲಿ ಕರುಣೆಯುಳ್ಳವರಾಗಲಿ ಎಂದು ಕೂಡ, ಎಂಬುದು ಸಂತ ತೋಮಾಸರ ವಿವರಣೆ.

ಪವಿತ್ರ ಗ್ರಂಥವನ್ನೇ ತೆರೆದು ನೋಡಿ. ವಿಮೋಚನಾಕಾಂಡ 23ನೇ ಅಧ್ಯಾಯದಲ್ಲಿ, ನಿಮ್ಮನ್ನು ದ್ವೇಷಿಸುವವನ ಕತ್ತೆ ಹೊರೆಯ ಕೆಳಗೆ ಬಿದ್ದಿದ್ದರೆ ಅದನ್ನು ಬಿಟ್ಟು ಹೋಗದೆ ಎಬ್ಬಿಸಲು ನೆರವಾಗಬೇಕೆಂಬ ವಿಧಿಯಿದೆ. ಒಡೆಯನ ಮೇಲಿನ ಸಿಟ್ಟಿಗೆ ಕತ್ತೆ ಗುರಿಯಾಗಬಾರದು. 1914ರಲ್ಲಿ ಬೀದಿಯ ಡ್ಯಾಶ್‌ಹಂಡ್‌ಗೆ ಕಲ್ಲು ಹೊಡೆದವರು ಮರೆತದ್ದು ಇದನ್ನೇ. ಜ್ಞಾನೋಕ್ತಿ 12:10 ನೀತಿವಂತನಿಗೆ ತನ್ನ ಪಶುವಿನ ಪ್ರಾಣದ ಬಗ್ಗೆ ಕಾಳಜಿ ಇರುತ್ತದೆಂದು ತಿಳಿಸುತ್ತದೆ. ಕಥೋಲಿಕ ಬೈಬಲ್‌ನಲ್ಲಿರುವ ತೊಬಿತನ ಗ್ರಂಥದಲ್ಲಿ ಯುವಕ ತೊಬಿಯ ದೇವದೂತ ರಫಾಯೇಲರೊಂದಿಗೆ ಪ್ರಯಾಣ ಹೊರಟಾಗ ಅವನ ನಾಯಿಯೂ ಜೊತೆಗೆ ಹೋಗುತ್ತದೆ. ಹಿಂದಿರುಗುವಾಗಲೂ ಅದು ಬರುತ್ತದೆ. ಕಥೆಗೆ ಅದರಿಂದ ಏನೂ ಉಪಯೋಗವಿಲ್ಲ. ಮನೆಯ ನಾಯಿಯಾದ್ದರಿಂದ ಅದು ಜೊತೆಗಿದೆ, ಅಷ್ಟೇ.

ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥ (1992) 2416ರಿಂದ 2418ರವರೆಗಿನ ಪರಿಚ್ಛೇದಗಳಲ್ಲಿ ಇದನ್ನು ಚೊಕ್ಕವಾಗಿ ಹೇಳುತ್ತದೆ. ಅದರ ಸಾರಾಂಶ ಇಷ್ಟು:

1. ಪ್ರಾಣಿಗಳು ದೇವರ ಸೃಷ್ಟಿ. ಅವುಗಳಿಗೆ ದಯೆ ತೋರಿಸುವುದು ನಮ್ಮ ಕರ್ತವ್ಯ.
2. ಆಹಾರಕ್ಕೂ ಕೆಲಸಕ್ಕೂ ಪ್ರಾಣಿಗಳನ್ನು ಬಳಸಬಹುದು, ಸಾಕಬಹುದು.
3. ಅನಗತ್ಯವಾಗಿ ಅವುಗಳನ್ನು ನರಳಿಸುವುದು, ಸಾಯಿಸುವುದು ಮಾನವ ಘನತೆಗೆ ವಿರುದ್ಧ.
4. ಮನುಷ್ಯರ ಸಂಕಟ ನೀಗಿಸಲು ಮೊದಲು ಸಲ್ಲಬೇಕಾದ ಹಣವನ್ನು ಅವುಗಳಿಗೆ ಸುರಿಯುವುದೂ ಯೋಗ್ಯವಲ್ಲ.
5. ಪ್ರಾಣಿಗಳನ್ನು ಪ್ರೀತಿಸಬಹುದು. ಆದರೆ ಮನುಷ್ಯರಿಗಷ್ಟೇ ಸಲ್ಲಬೇಕಾದ ಪ್ರೀತಿಯನ್ನು ಅವುಗಳ ಕಡೆಗೆ ತಿರುಗಿಸಬಾರದು.

ಮೂರನೆಯ ಮಾತನ್ನೂ ನಾಲ್ಕನೆಯ ಮಾತನ್ನೂ ಒಟ್ಟಿಗೆ ಹಿಡಿದುಕೊಳ್ಳಿ. ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿದರೆ ದಾರಿ ತಪ್ಪುತ್ತದೆ. ಕಾಲೇಜಿನ ಶುಲ್ಕ ಮನುಷ್ಯರಿಗೆ ಕೊಟ್ಟ ಮಾತು, ಅದು ಮೊದಲು. ಅದನ್ನು ಉಳಿಸಿಕೊಂಡ ತಾಯಿ ನಾಯಿಯನ್ನು ಕೈಬಿಡಲಿಲ್ಲ. ಹಣ ಕೊಡಲಾಗದ ಕಡೆ ತಮ್ಮ ಶ್ರಮ ಕೊಟ್ಟರು. ಅವರ ಬಳಿ ಬೇರೆಯ ಹಣವಿದ್ದು, ಯಾರಿಗೂ ಅನ್ಯಾಯವಾಗದೆ ಶಸ್ತ್ರಚಿಕಿತ್ಸೆ ಮಾಡಿಸಬಹುದಾಗಿದ್ದರೆ? ಅದರಲ್ಲಿಯೂ ತಪ್ಪಿರಲಿಲ್ಲ. ನಾವು ಹೊಸ ಫೋನಿಗೆ, ಮದುವೆಯ ಮಂಟಪಕ್ಕೆ, ಹೊಟೇಲಿನ ಊಟಕ್ಕೆ ಖರ್ಚು ಮಾಡುವಾಗ ಬಡವರ ನೆನಪು ಮಾಡಿಕೊಳ್ಳದೆ, ಪಕ್ಕದ ಮನೆಯವರು ನಾಯಿಗೆ ಔಷಧಿ ಕೊಡಿಸಿದಾಗ ಮಾತ್ರ ಬಡವರನ್ನು ನೆನೆಯುವುದು ಬಡವರ ಮೇಲಿನ ಪ್ರೀತಿಯಲ್ಲ. ಈ ದಾದಿ ಅಮ್ಮ ಸಂತ ವಿನ್ಸೆಂಟ್ ದೆ ಪೌಲ್ ಸಭೆಯ ಸದಸ್ಯರೂ ಹೌದು. ಪ್ರತಿ ತಿಂಗಳು ಹಾಸಿಗೆ ಹಿಡಿದ ಇಬ್ಬರು ವೃದ್ಧರ ಮನೆಗೆ ಹೋಗಿ ಮೈ ಒರೆಸಿ ಬರುತ್ತಾರೆ. ನಾಯಿಯ ಮೇಲಿನ ಕರುಣೆ ಅವರ ಮಾನವ ಪ್ರೀತಿಯನ್ನು ಕಸಿದುಕೊಂಡಿಲ್ಲ.

ಜಗದ್ಗುರು ಫ್ರಾನ್ಸಿಸರು 2015ರ ‘ಲೌದಾತೊ ಸೀ’ ವಿಶ್ವಪತ್ರದಲ್ಲಿ ಎರಡೂ ಕಡೆ ಎಚ್ಚರಿಸಿದರು. ಯಾವ ಜೀವಿಗೆ ತೋರುವ ಕ್ರೌರ್ಯವೂ ಮಾನವ ಘನತೆಗೆ ವಿರುದ್ಧ. ಸಹಮಾನವರ ಬಗ್ಗೆ ಕನಿಕರವಿಲ್ಲದವರ ಪ್ರಕೃತಿಪ್ರೇಮ ನಿಜವಾದದ್ದಲ್ಲ. 2022ರ ಜನವರಿಯಲ್ಲಿ ಅವರು, ಮಕ್ಕಳನ್ನು ಬೇಡವೆಂದು ಅವರ ಜಾಗದಲ್ಲಿ ನಾಯಿಬೆಕ್ಕುಗಳನ್ನು ಇಟ್ಟುಕೊಳ್ಳುವ ದಂಪತಿಗಳ ಬಗ್ಗೆ ಕಟುವಾಗಿಯೇ ಮಾತನಾಡಿದರು. ಮಕ್ಕಳಿಲ್ಲದ ನೋವನ್ನು ಹೊತ್ತಿರುವ ದಂಪತಿಗಳನ್ನು ಚುಚ್ಚಲು ಈ ಮಾತನ್ನು ಬಳಸಬೇಡಿ. ಅವರ ಮನೆಯ ನಾಯಿಯನ್ನು ನೋಡಿ ತೀರ್ಪು ಕೊಡುವುದು ನಮ್ಮ ಕೆಲಸವಲ್ಲ.

ನೋವಿಲ್ಲದ ಸಾವಿನ ಪ್ರಶ್ನೆಗೆ ಒಂದು ಮಾತು. ಮನುಷ್ಯನಿಗೆ ದಯಾಮರಣ ಸಲ್ಲದು, ಏಕೆಂದರೆ ಮನುಷ್ಯನ ಜೀವ ದೇವರ ಪ್ರತಿರೂಪವನ್ನು ಹೊತ್ತದ್ದು. ಅವನ ಸಂಕಟಕ್ಕೂ ಆತ್ಮಿಕ ಅರ್ಥವಿದೆ. ಪ್ರಾಣಿಗೆ ತನ್ನ ನೋವನ್ನು ಅರ್ಥ ಮಾಡಿಕೊಳ್ಳುವ ದಾರಿಯಿಲ್ಲ, ಅದನ್ನು ಯಾರಿಗೂ ಅರ್ಪಿಸಲಾರದು. ಗುಣವಾಗುವ ಆಸೆಯಿಲ್ಲದಾಗ ಅದರ ನರಳಾಟವನ್ನು ಕೊನೆಗೊಳಿಸುವುದು ಪಾಪವಲ್ಲ. ಆದರೆ ಗುಣವಾಗಬಹುದಾದ ನಾಯಿಯನ್ನು ಬೇಸರಕ್ಕೆ ಮುಗಿಸುವುದು ಬೇರೆ ಮಾತು. ಹಾಗೆಯೇ ರಸ್ತೆಯಲ್ಲಿ ಬಿಟ್ಟು “ದೇವರಿದ್ದಾನೆ” ಎಂದು ಹಿಂದಿರುಗಿ ಬರುವುದು ದೈವವಿಶ್ವಾಸವಲ್ಲ. ನಮ್ಮ ಹೊಣೆಯನ್ನು ದೇವರ ಮೇಲೆ ಹಾಕುವುದು ಅದು.

ಮನೆಗೆ ತರುವ ಮೊದಲು, ತಂದ ಮೇಲೆ

ದಾದಿ ಅಮ್ಮನ ಅನುಭವದಿಂದಲೂ ಪಶುವೈದ್ಯರ ಸಲಹೆಯಿಂದಲೂ ಆರಿಸಿದ ಕೆಲವು ಸೂಚನೆಗಳು:

ಡ್ಯಾಶ್‌ಹಂಡ್ ಸಾಮಾನ್ಯವಾಗಿ 12ರಿಂದ 16 ವರ್ಷ ಬದುಕುತ್ತದೆ. ಇಂದು ಮೂರನೆಯ ತರಗತಿಯಲ್ಲಿರುವ ನಿಮ್ಮ ಮಗ ಕಾಲೇಜು ಮುಗಿಸುವವರೆಗೆ ಅದು ಇರುತ್ತದೆ. ಆದ್ದರಿಂದ ಹುಟ್ಟುಹಬ್ಬಕ್ಕೋ ಕ್ರಿಸ್ಮಸ್‌ಗೋ ಕಾಣಿಕೆಯಾಗಿ ಕೊಡುವ ವಸ್ತು ಅದಲ್ಲ.

ಮರಿಯನ್ನೇ ಕೊಳ್ಳಬೇಕೆಂದಿಲ್ಲ. ಬೆಂಗಳೂರಿನಲ್ಲಿ 1991ರಲ್ಲಿ ಆರಂಭವಾದ ಕ್ಯೂಪಾದಂಥ ಸಂಸ್ಥೆಗಳು ಕೈಬಿಟ್ಟ ನಾಯಿಗಳಿಗೆ ಮನೆ ಹುಡುಕುತ್ತವೆ. ದೊಡ್ಡ ನಾಯಿಯ ಗುಣ ಮೊದಲೇ ತಿಳಿಯುತ್ತದೆ ಎಂಬುದೂ ಒಂದು ಅನುಕೂಲ. ಹೀಗೆ ಬಂದ ನಾಯಿಯನ್ನು ಮೊದಲು ವೈದ್ಯರಿಗೆ ತೋರಿಸಿ. ಹುಚ್ಚುನಾಯಿ ರೋಗದ್ದೂ ಸೇರಿ ಎಲ್ಲ ಚುಚ್ಚುಮದ್ದು ಹಾಕಿಸಿ. ಮನೆಯ ಬೇರೆ ನಾಯಿಗಳಿಂದ ಕೆಲವು ದಿನ ದೂರವಿಡಿ. ಸಂತಾನಹರಣ ಚಿಕಿತ್ಸೆ ಮಾಡಿಸಿ. ಹೊಸ ಮನೆಗೆ ಹೊಂದಿಕೊಳ್ಳಲು ಅದಕ್ಕೆ ವಾರಗಳೇ ಬೇಕು. ಮೊದಲ ದಿನ ಮಂಚದ ಕೆಳಗೆ ಕುಳಿತರೆ ಎಳೆಯಬೇಡಿ.

ತೂಕ ಏರಲು ಬಿಡಬೇಡಿ. ಮೈ ಸವರಿದರೆ ಪಕ್ಕೆಲುಬು ಕೈಗೆ ಸಿಗಬೇಕು. ಎತ್ತುವಾಗ ಒಂದು ಕೈ ಎದೆಯ ಕೆಳಗೆ, ಇನ್ನೊಂದು ಕೈ ಹಿಂಭಾಗದ ಕೆಳಗೆ ಕೊಟ್ಟು ಬೆನ್ನನ್ನು ನೇರವಾಗಿ ಹಿಡಿಯಿರಿ. ಮಕ್ಕಳು ಮುಂಗಾಲು ಹಿಡಿದು ತೂಗಾಡಿಸಬಾರದು. ಮಂಚ, ಸೋಫಾಗಳಿಂದ ಹಾರಲು ಬಿಡದೆ ಇಳಿಜಾರಿನ ಹಲಗೆ ಇಡಿ. ಕ್ರಿಸ್ಮಸ್ ಕೇಕಿನ ಒಣದ್ರಾಕ್ಷಿ, ಚಾಕೊಲೇಟ್, ಈರುಳ್ಳಿ ಇವು ನಾಯಿಗೆ ವಿಷ.

ನಾಯಿ ಬೆನ್ನು ಗೂನು ಮಾಡಿಕೊಂಡು ನಡುಗಿದರೆ, ಎತ್ತಿದಾಗ ಕಿರುಚಿದರೆ, ಹಿಂಗಾಲು ತೊಡರಿದರೆ ಅಂದೇ ವೈದ್ಯರ ಬಳಿ ಹೋಗಿ. ಕಾಲು ಪೂರ್ತಿ ಬಿದ್ದಿದ್ದರೆ ಗಂಟೆಗಳ ಲೆಕ್ಕ. ತಡವಾದಷ್ಟೂ ಆಸೆ ಕಡಿಮೆ. ಮನುಷ್ಯರ ನೋವಿನ ಮಾತ್ರೆ ಕೊಡಲೇಬೇಡಿ. ಐಬುಪ್ರೊಫೆನ್‌ನಂಥವು ನಾಯಿಯ ಹೊಟ್ಟೆಗೂ ಮೂತ್ರಪಿಂಡಕ್ಕೂ ಅಪಾಯ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಸಾಮಾನ್ಯ ಜನರೂ ತಮ್ಮ ಪ್ರಾಣಿಗಳನ್ನು ತರುತ್ತಾರೆ.

ಸಾಕಲು ಸಾಧ್ಯವೇ ಇಲ್ಲದ ಪರಿಸ್ಥಿತಿ ಕೆಲವರಿಗೆ ನಿಜವಾಗಿಯೂ ಬರುತ್ತದೆ. ಕಾಯಿಲೆ, ಬಡತನ, ಮನೆ ಬದಲಾವಣೆ ಯಾರ ಕೈಯಲ್ಲೂ ಇಲ್ಲ. ಆಗ ನಾಚಿಕೆ ಬಿಟ್ಟು ಬಾಯಿ ತೆರೆದು ಕೇಳಿ. ಬಂಧುಗಳಲ್ಲಿ, ಧರ್ಮಕೇಂದ್ರದಲ್ಲಿ, ವೈದ್ಯರಲ್ಲಿ, ಸಂಸ್ಥೆಗಳಲ್ಲಿ ವಿಚಾರಿಸಿ, ತಿಳಿದವರ ಕೈಗೆ ಒಪ್ಪಿಸಿ, ಅದರ ಕಾಯಿಲೆ ಮತ್ತು ಗುಣವನ್ನು ಮುಚ್ಚಿಡದೆ ಹೇಳಿ. ಹೀಗೆ ಒಪ್ಪಿಸುವುದು ಕೈಬಿಡುವುದಲ್ಲ.

ದಾದಿ ಅಮ್ಮ ಈಗ ಮರಿಗಳನ್ನೂ ಎಳೆಯ ನಾಯಿಗಳನ್ನೂ ತೆಗೆದುಕೊಳ್ಳುವುದಿಲ್ಲ. “ನನ್ನ ವಯಸ್ಸಿಗೆ ಎಳೇದು ತಂದರೆ ಅದನ್ನ ಅನಾಥ ಮಾಡಿದ ಹಾಗೆ” ಎನ್ನುತ್ತಾರೆ. ಹತ್ತು ದಾಟಿದ, ಕಣ್ಣು ಮಂಜಾದ, ಯಾರೂ ಬೇಡವೆನ್ನುವ ಮುದಿ ನಾಯಿಗಳನ್ನು ಮಾತ್ರ ತರುತ್ತಾರೆ. ತಮಗೇನಾದರೂ ಆದರೆ ಯಾವ ನಾಯಿ ಯಾರ ಮನೆಗೆ ಹೋಗಬೇಕೆಂದು ಎರಡು ಕುಟುಂಬಗಳೊಡನೆ ಮಾತನಾಡಿ, ಅವರ ಒಪ್ಪಿಗೆ ಪಡೆದು, ಅದೇ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದಿಟ್ಟಿದ್ದಾರೆ. ಕರುಣೆಗೆ ಕಣ್ಣೀರಿನಷ್ಟೇ ಇಂಥ ಮುಂದಾಲೋಚನೆಯೂ ಬೇಕು.

ಕುಟುಂಬದಲ್ಲಿ ಚಿಂತನೆಗೆ

ಈ ವಾರ ರಾತ್ರಿಯ ಪ್ರಾರ್ಥನೆಯ ನಂತರ ಮನೆಯವರೆಲ್ಲ ಕುಳಿತು ಈ ಪ್ರಶ್ನೆಗಳನ್ನು ಮಾತನಾಡಿಕೊಳ್ಳಿ.

1. ನಮ್ಮ ಮನೆಯಲ್ಲಿ ಸಾಕುಪ್ರಾಣಿ ಇದೆಯೇ? ಅದರ ನೀರು, ಊಟ, ಔಷಧಿ ಯಾರ ಹೊಣೆ? ಎಲ್ಲವೂ ಅಮ್ಮನ ತಲೆಯ ಮೇಲೆಯೇ ಬಿದ್ದಿದೆಯೇ?
2. ನಾವು ಈ ತಿಂಗಳು ಬಡವರಿಗೆ ಕೊಟ್ಟದ್ದೆಷ್ಟು, ನಮ್ಮ ಸಂತೋಷಕ್ಕೆ ಖರ್ಚು ಮಾಡಿದ್ದೆಷ್ಟು?
3. ನೋಡಲು ಚೆಂದವೆಂದು ತಂದು, ಕಷ್ಟ ಬಂದಾಗ ಬೇಸರಪಟ್ಟ ಸಂಬಂಧ ನಮ್ಮಲ್ಲಿ ಯಾವುದಾದರೂ ಇದೆಯೇ? ಅದು ಪ್ರಾಣಿಯೊಂದಿಗೆ ಮಾತ್ರವೇ, ಮನೆಯ ಹಿರಿಯರೊಂದಿಗೂ ಇದೆಯೇ?

ಮೂರನೆಯ ಪ್ರಶ್ನೆಗೆ ಉತ್ತರ ಹೇಳುವಾಗ ಮಕ್ಕಳಿಗೆ ಮೊದಲು ಮಾತನಾಡಲು ಬಿಡಿ. ಮನೆಯಲ್ಲಿ ಯಾರು ಯಾರನ್ನು ನೋಡಿಕೊಳ್ಳುತ್ತಿದ್ದಾರೆ, ಯಾರನ್ನು ಯಾರೂ ನೋಡಿಕೊಳ್ಳುತ್ತಿಲ್ಲ ಎಂಬುದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ.